ನೀಲಿ ಕುರ್ಚಿಯ ಹುಡುಗಿ: ಮೇರಿ ಕಸಾಟ್ ಚಿತ್ರದಿಂದ ಕಲಿತು ಮಗುವಿನ ಭಾವಚಿತ್ರ ಬರೆಯುವ ಸಮಗ್ರ ಮಾರ್ಗದರ್ಶಿ

ಮಗುವಿನ ಚಿತ್ರ ಬರೆಯಲು ಕೂತವರು ಸಾಮಾನ್ಯವಾಗಿ ಮುಖದಿಂದ ಶುರು ಮಾಡುತ್ತಾರೆ. ಕಣ್ಣು, ರೆಪ್ಪೆ, ಕೆನ್ನೆಯ ಗುಳಿ, ತುಟಿಯಂಚಿನ ನಗು. ಮುಖ ಮುಗಿಯುವ ಹೊತ್ತಿಗೆ ಉತ್ಸಾಹವೂ ಮುಗಿದಿರುತ್ತದೆ. ಆಮೇಲೆ ಹಿಂದುಗಡೆ ಯಾವುದೋ ಒಂದು ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಾರೆ. ಮಗು ಎಲ್ಲಿ ಕೂತಿದೆ, ಎಷ್ಟು ಹೊತ್ತಿನಿಂದ ಕೂತಿದೆ, ಅದಕ್ಕೆ ಅಲ್ಲಿರಲು ಇಷ್ಟವಿದೆಯೋ ಇಲ್ಲವೋ, ಯಾವುದೂ ಗೊತ್ತಾಗುವುದಿಲ್ಲ.

ಮೇರಿ ಕಸಾಟ್ 1878ರಲ್ಲಿ ಪ್ಯಾರಿಸ್‌ನಲ್ಲಿ ಬರೆದ ‘ನೀಲಿ ಆರಾಮಕುರ್ಚಿಯಲ್ಲಿ ಪುಟ್ಟ ಹುಡುಗಿ’ ಚಿತ್ರ ನೋಡಿ. ಅದರಲ್ಲಿ ಹುಡುಗಿಗಿಂತ ಕುರ್ಚಿಗಳೇ ಜಾಸ್ತಿ ಜಾಗ ಹಿಡಿದಿವೆ. ಹುಡುಗಿ ನಗುತ್ತಿಲ್ಲ, ನಮ್ಮನ್ನು ನೋಡುತ್ತಲೂ ಇಲ್ಲ. ಬೇಸರ ಬಂದು ಕುರ್ಚಿಯಲ್ಲಿ ಜಾರಿ ಕೂತಿದ್ದಾಳೆ. ಆದರೂ ಇಂಪ್ರೆಷನಿಸ್ಟ್ (ಬೆಳಕನ್ನು, ಆ ಕ್ಷಣದ ನೋಟವನ್ನು ಬಿಡಿ ಬ್ರಷ್ ಎಳೆತಗಳಲ್ಲಿ ಹಿಡಿದ ಫ್ರಾನ್ಸಿನ ಚಿತ್ರಕಾರರ ಗುಂಪು) ಕಾಲದ ಮಕ್ಕಳ ಚಿತ್ರಗಳಲ್ಲಿ ಇಷ್ಟು ಜೀವ ಇರುವ ಇನ್ನೊಂದು ಮಗುವನ್ನು ನಾನು ಕಂಡಿಲ್ಲ. ಆ ಬೇಸರ ಅವಳ ಮುಖಕ್ಕಿಂತ ಹೆಚ್ಚಾಗಿ ಸುತ್ತಲಿನ ಜಾಗದಲ್ಲಿದೆ. ಇದನ್ನು ಓದಿ ತಿಳಿಯುವುದಕ್ಕಿಂತ ಕೈಯಾರೆ ಬರೆದು ತಿಳಿಯುವುದು ಒಳ್ಳೆಯದು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಎರಡು ಭಾಗ ಇವೆ. ಮೊದಲು ಈ ಚಿತ್ರದ ಒಂದು ಅಭ್ಯಾಸ ಪ್ರತಿ ಮಾಡೋಣ. ಆಮೇಲೆ ಅದೇ ದಾರಿಯಲ್ಲಿ ನಿಮ್ಮ ಮನೆಯ ಮಗುವನ್ನು ಬರೆಯೋಣ. ಬ್ರಷ್ ಹಿಡಿದು ಸ್ವಲ್ಪ ಅಭ್ಯಾಸ ಇದ್ದರೆ ಸಾಕು, ಕಲಾಶಾಲೆಗೆ ಹೋಗಿರಬೇಕಾಗಿಲ್ಲ.

ಬರೆದವಳು ಯಾರು, ಬರೆದದ್ದು ಹೇಗೆ

ಕಸಾಟ್ ಹುಟ್ಟಿದ್ದು 1844ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಫಿಲಡೆಲ್ಫಿಯಾದಲ್ಲಿ ಚಿತ್ರಕಲೆ ಕಲಿತು, ಇಪ್ಪತ್ತರ ಆಸುಪಾಸಿನಲ್ಲೇ ಪ್ಯಾರಿಸ್‌ಗೆ ಹೋದಳು. ಅಲ್ಲಿನ ಸರ್ಕಾರಿ ಕಲಾಶಾಲೆ ಎಕೋಲ್ ದೆ ಬೋಜಾರ್ ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದರ ಬಾಗಿಲು ಅವರಿಗೆ ತೆರೆದದ್ದು 1897ರಲ್ಲಿ. ಹಾಗಾಗಿ ಖಾಸಗಿಯಾಗಿ ಗುರುಗಳನ್ನು ಹಿಡಿದಳು, ಲೂವ್ರ್ ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳ ಪ್ರತಿ ಮಾಡುತ್ತಾ ಕಲಿತಳು. ನಾವು ಈಗ ಅವಳ ಚಿತ್ರದ ಪ್ರತಿ ಮಾಡಲು ಹೊರಟಿದ್ದೇವೆ, ಅವಳು ಕಲಿತ ದಾರಿಯೂ ಇದೇ.

1877ರಲ್ಲಿ ಫ್ರೆಂಚ್ ಚಿತ್ರಕಾರ ಎಡ್ಗರ್ ಡೆಗಾ ಅವಳನ್ನು ಇಂಪ್ರೆಷನಿಸ್ಟರ ಗುಂಪಿಗೆ ಕರೆದ. ಮರುವರ್ಷ ಈ ಚಿತ್ರ ಬಂತು. ಕುರ್ಚಿಯಲ್ಲಿರುವ ಮಗು ಡೆಗಾನ ಸ್ನೇಹಿತರ ಮಗಳು. ಆ ವರ್ಷ ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಪ್ರದರ್ಶನದ ಅಮೆರಿಕನ್ ವಿಭಾಗಕ್ಕೆ ಕಸಾಟ್ ಇದನ್ನು ಕಳಿಸಿದಳು. ತೀರ್ಪುಗಾರರು ತಿರಸ್ಕರಿಸಿದರು. ಆ ಸಿಟ್ಟು ಆರಲೇ ಇಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ, 1903ರಲ್ಲಿ, ಕಲಾ ವ್ಯಾಪಾರಿ ಅಂಬ್ರುವಾಜ್ ವೊಲಾರ್‌ಗೆ ಬರೆದ ಪತ್ರದಲ್ಲೂ ಅದನ್ನು ನೆನೆದಿದ್ದಾಳೆ. ತೀರ್ಪುಗಾರರು ಮೂವರು, ಅವರಲ್ಲಿ ಒಬ್ಬ ಔಷಧ ವ್ಯಾಪಾರಿ ಅಂತ ಬರೆದಿದ್ದಾಳೆ. ಅದೇ ಪತ್ರದಲ್ಲಿ ನಮಗೆ ಬೇಕಾದ ಇನ್ನೊಂದು ವಿಷಯ ಇದೆ. ಡೆಗಾಗೆ ಚಿತ್ರ ಹಿಡಿಸಿತು, ಹಿನ್ನೆಲೆ ಬಗ್ಗೆ ಸಲಹೆ ಕೊಟ್ಟ, ಹಿನ್ನೆಲೆಯಲ್ಲಿ ಸ್ವಲ್ಪ ಕೆಲಸವನ್ನೂ ಮಾಡಿದ ಅಂತ ಅವಳೇ ಹೇಳಿದ್ದಾಳೆ. ಆ ಹಿನ್ನೆಲೆ ನಮಗೆ ಮೂರನೇ ಹಂತದಲ್ಲಿ ಬೇಕಾಗುತ್ತದೆ.

ಮೂಲ ಚಿತ್ರ ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಕ್ಯಾನ್ವಾಸ್ ಮೇಲೆ ತೈಲವರ್ಣ, 89.5 ಸೆಂ.ಮೀ. ಎತ್ತರ, 129.8 ಸೆಂ.ಮೀ. ಅಗಲ. ಚಿತ್ರಕ್ಕೆ ಹಕ್ಕುಸ್ವಾಮ್ಯ ಇಲ್ಲ. ದೊಡ್ಡ ರೆಸಲ್ಯೂಷನ್ನಿನ ಫೋಟೊವನ್ನು ಗ್ಯಾಲರಿಯ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅದನ್ನೇ ಇಳಿಸಿಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಕೈಯಿಂದ ಕೈಗೆ ಬಂದ ಫೋಟೊ ಬೇಡ, ನೀಲಿ ಪೂರ್ತಿ ಕೆಟ್ಟಿರುತ್ತದೆ.

ಏನೇನು ಬೇಕು

ಅಕ್ರಿಲಿಕ್ ಇಟ್ಟುಕೊಂಡು ಹೇಳುತ್ತೇನೆ, ಮನೆಯಲ್ಲಿ ಮಾಡಲು ಅದೇ ಸುಲಭ. ಆಯಿಲ್ ಕಲರ್ ಗೊತ್ತಿದ್ದವರು ಇದೇ ಕ್ರಮದಲ್ಲಿ ಮಾಡಬಹುದು. ಒಂದೊಂದು ಹಂತಕ್ಕೂ ಒಣಗಲು ಕೆಲವು ದಿನ ಬಿಟ್ಟರಾಯಿತು, ಮಳೆಗಾಲದಲ್ಲಿ ಇನ್ನೂ ಒಂದೆರಡು ದಿನ ಜಾಸ್ತಿ.

12×18 ಇಂಚಿನ ಕ್ಯಾನ್ವಾಸ್ ಬೋರ್ಡ್ ಒಂದು. ಒಂದಿಂಚಿನ ಫ್ಲಾಟ್ ಬ್ರಷ್, 8ನೇ ನಂಬರಿನ ಫ್ಲಾಟ್, 4ನೇ ನಂಬರಿನ ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಷ್), 2ನೇ ನಂಬರಿನ ರೌಂಡ್. ಇವಿಷ್ಟೇ ಸಾಕು. ಇದಕ್ಕಿಂತ ಸಣ್ಣ ಬ್ರಷ್ ಮನೆಯಲ್ಲಿದ್ದರೆ ಈ ಕೆಲಸ ಮುಗಿಯುವವರೆಗೆ ಎತ್ತಿಡಿ. ಕೈಗೆ ಸಿಕ್ಕರೆ ರೆಪ್ಪೆ ಬರೆಯೋಣ ಅನ್ನಿಸುತ್ತದೆ.

ಬಣ್ಣ ಎಂಟು: ಟೈಟೇನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಸೆರೂಲಿಯನ್ ಬ್ಲೂ, ವಿರಿಡಿಯನ್ ಗ್ರೀನ್, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಕ್ರಿಮ್ಸನ್, ವರ್ಮಿಲಿಯನ್. ಸೆರೂಲಿಯನ್ ದುಬಾರಿ ಅನ್ನಿಸಿದರೆ ಥಾಲೋ ಬ್ಲೂಗೆ ಜಾಸ್ತಿ ಬಿಳಿ, ಚೂರೇ ಚೂರು ಹಸಿರು ಬೆರೆಸಿ. ಥಾಲೋ ಬಹಳ ಖಾರದ ಬಣ್ಣ, ಬ್ರಷ್ ತುದಿಯಷ್ಟೇ ತೆಗೆದುಕೊಳ್ಳಿ. ಕಪ್ಪು ಟ್ಯೂಬ್ ಬೇಡ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಸಮಸಮ ಬೆರೆಸಿದರೆ ಕಪ್ಪಿಗೆ ಹತ್ತಿರದ ಗಾಢ ಬಣ್ಣ ಬರುತ್ತದೆ, ಅದು ಟ್ಯೂಬಿನ ಕಪ್ಪಿಗಿಂತ ಜೀವಂತವಾಗಿರುತ್ತದೆ.

ಬೇಸಿಗೆಯಲ್ಲಿ ಅಕ್ರಿಲಿಕ್ ಪ್ಯಾಲೆಟ್ ಮೇಲೇ ಒಣಗಿ ಹೋಗುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯ ತಳಕ್ಕೆ ಒದ್ದೆ ಟಿಶ್ಯೂ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಾಕಿಕೊಳ್ಳಿ. ಮುಚ್ಚಳ ಮುಚ್ಚಿಟ್ಟರೆ ಮಾರನೇ ದಿನಕ್ಕೂ ಬಣ್ಣ ಹಸಿಯಾಗೇ ಇರುತ್ತದೆ.

ಹಂತ 1: ಬ್ರಷ್ ಮುಟ್ಟದೆ ನೋಡಿ

ಅರ್ಧ ಗಂಟೆ ಸುಮ್ನೆ ನೋಡಿ. ಮೊಬೈಲ್‌ನಲ್ಲಿ ಬೇಡ, ಲ್ಯಾಪ್‌ಟಾಪ್ ಅಥವಾ ಟಿವಿ ಪರದೆಯಲ್ಲಿ ನೋಡಿ. ಸಾಧ್ಯವಾದರೆ ಒಂದು ಎ3 ಬಣ್ಣದ ಪ್ರಿಂಟ್ ತೆಗೆಸಿ. ಬಣ್ಣ ನೋಡಲು ಪರದೆ, ಅಳತೆಗೆ ಪ್ರಿಂಟ್.

ಮೊದಲು ಹುಡುಗಿಯನ್ನು ಅಂಗೈಯಿಂದ ಮುಚ್ಚಿ. ಉಳಿದದ್ದೇನು? ನೀಲಿ ಕುರ್ಚಿಗಳು, ಸೋಫಾ, ಅವುಗಳ ನಡುವೆ ಬೂದು ನೆಲ, ಎಡಗಡೆ ಕುರ್ಚಿಯಲ್ಲಿ ಮಲಗಿದ ಪುಟ್ಟ ನಾಯಿ. ಮೇಲ್ಗಡೆ ಕಿಟಕಿಗಳು, ಅವು ಚಿತ್ರದ ಅಂಚಿಗೆ ಕತ್ತರಿಸಿ ಹೋಗಿವೆ. ಕುರ್ಚಿಗಳೂ ಅಂಚಿನಲ್ಲಿ ಕತ್ತರಿಸಿವೆ, ಯಾವುದೂ ಪೂರ್ತಿ ಕಾಣುವಂತೆ ಜೋಡಿಸಿಟ್ಟಿಲ್ಲ. ಹೀಗೆ ಅಂಚಿನಲ್ಲಿ ಕತ್ತರಿಸುವುದನ್ನು ಆ ಕಾಲದ ಪ್ಯಾರಿಸ್ ಚಿತ್ರಕಾರರು ಜಪಾನಿನ ಮರದಚ್ಚಿನ ಚಿತ್ರಗಳಿಂದ, ಕ್ಯಾಮೆರಾದಿಂದ ಕಲಿಯುತ್ತಿದ್ದರು.

ಈಗ ಕೈ ತೆಗೆಯಿರಿ. ಹುಡುಗಿ ಚಿತ್ರದ ನಡುವೆ ಇಲ್ಲ ಅನ್ನುವುದನ್ನು ಗಮನಿಸಿ. ಬಲಗಡೆಗೆ ಸರಿದಿದ್ದಾಳೆ. ಒಂದು ಕೈ ತಲೆಯ ಹಿಂದೆ, ಇನ್ನೊಂದು ಕುರ್ಚಿಯ ತೋಳಿನ ಮೇಲೆ. ಕಾಲು ಅಗಲಿಸಿ ಬಿಟ್ಟಿದ್ದಾಳೆ, ನೆಲಕ್ಕೆ ಮುಟ್ಟಿಲ್ಲ. ಬಿಳಿ ಉಡುಪು, ಸೊಂಟಕ್ಕೆ ಚೌಕಳಿ ಬಟ್ಟೆ, ಅದಕ್ಕೆ ಹೊಂದುವ ಕಾಲುಚೀಲ, ತಲೆಗೆ ಅದೇ ಬಟ್ಟೆಯ ಗಂಟು, ಬಕಲ್ ಇರುವ ಕಪ್ಪು ಶೂ. ಯಾರೋ ತುಂಬಾ ಜತನದಿಂದ ಸಿಂಗರಿಸಿ ಕೂರಿಸಿದ್ದಾರೆ. ಅವಳು ಆ ಸಿಂಗಾರವನ್ನೆಲ್ಲ ಮರೆತು ಜಾರಿ ಕೂತಿದ್ದಾಳೆ. ಮದುವೆ ಮನೆಯಲ್ಲಿ ರೇಷ್ಮೆ ಲಂಗ ಉಟ್ಟ ಮಗು ಮೂರನೇ ಗಂಟೆಯಲ್ಲಿ ಕುರ್ಚಿ ಮೇಲೆ ಹೇಗೆ ಬಿದ್ದುಕೊಂಡಿರುತ್ತದೋ, ಹಾಗೆ.

ಕೊನೆಗೆ ಇನ್ನೊಂದು ವಿಷಯ. ನಾವು ಈ ಕೋಣೆಯನ್ನು ಎಲ್ಲಿಂದ ನೋಡುತ್ತಿದ್ದೇವೆ? ನಿಂತ ದೊಡ್ಡವರ ಎತ್ತರದಿಂದ ಅಲ್ಲ. ಕಣ್ಣು ಕೆಳಗಿದೆ, ಹೆಚ್ಚುಕಡಿಮೆ ಮಗುವಿನ ಎತ್ತರದಲ್ಲಿದೆ. ಹಾಗಾಗಿಯೇ ಕುರ್ಚಿಗಳು ಅಷ್ಟು ದೊಡ್ಡದಾಗಿ ಕಾಣುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಎರಡನೇ ಭಾಗದಲ್ಲಿ ಬೇಕಾಗುತ್ತದೆ.

ಹಂತ 2: ಅಳತೆ ಮತ್ತು ಗೆರೆ

ಮೂಲದ ಅಗಲ ಎತ್ತರದ 1.45 ಪಟ್ಟು ಇದೆ. 12 ಇಂಚಿನ ಎತ್ತರಕ್ಕೆ ಅಗಲ 17.4 ಇಂಚು. ಅಂದರೆ 18 ಇಂಚಿನ ಬೋರ್ಡಿನಲ್ಲಿ ಒಂದು ಪಕ್ಕ 0.6 ಇಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಬಿಡಿ. ಎ3 ಪ್ರಿಂಟ್‌ನಲ್ಲಿ ಚಿತ್ರ 42 ಸೆಂ.ಮೀ. ಅಗಲ ಇದ್ದರೆ ಎತ್ತರ 29 ಸೆಂ.ಮೀ. ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪ್ರಿಂಟ್ ಅಂಗಡಿಯವರು ಅಂಚು ಕತ್ತರಿಸಿದ್ದಾರೆ ಅಂತ ಅರ್ಥ. ಈ ಚಿತ್ರದಲ್ಲಿ ಅಂಚೇ ಮುಖ್ಯ, ಇನ್ನೊಮ್ಮೆ ತೆಗೆಸಿ.

ಪ್ರಿಂಟ್ ಮೇಲೆ ಅಡ್ಡಕ್ಕೆ 6, ಉದ್ದಕ್ಕೆ 4 ಭಾಗ ಮಾಡಿ ಗ್ರಿಡ್ ಹಾಕಿ. ಬೋರ್ಡ್ ಮೇಲೂ ಅಷ್ಟೇ ಭಾಗ: ಒಂದೊಂದು ಮನೆ 2.9 ಇಂಚು ಅಗಲ, 3 ಇಂಚು ಎತ್ತರ. ಆದರೆ ಗ್ರಿಡ್ ಹಾಕುವ ಮೊದಲು ಬೋರ್ಡ್‌ಗೆ ಒಂದು ತೆಳು ಬಣ್ಣ ಬಳಿಯಿರಿ. ಓಕರ್‌ಗೆ ಚೂರು ಬರ್ನ್ಟ್ ಸಿಯೆನ್ನಾ, ತುಂಬಾ ನೀರು. ಟೀ ಬಣ್ಣಕ್ಕೆ ಬಂದರೆ ಸಾಕು. ಬೆಳ್ಳಗಿನ ಬೋರ್ಡ್ ಮೇಲೆ ನೀಲಿ ಇಟ್ಟರೆ ಎಲ್ಲವೂ ಗಾಢವಾಗಿ ಕಾಣುತ್ತದೆ, ಬಿಳಿ ಉಡುಪಿಗೆ ಮುಂದೆ ಜಾಗವೇ ಉಳಿಯುವುದಿಲ್ಲ.

ಗೆರೆ ಎಳೆಯುವಾಗ ವಸ್ತುಗಳನ್ನು ಬರೆಯಬೇಡಿ, ಆಕಾರಗಳನ್ನು ಬರೆಯಿರಿ. ಕುರ್ಚಿಗಳ ನಡುವೆ ಸಿಕ್ಕಿಕೊಂಡಿರುವ ನೆಲದ ಆ ವಕ್ರ ಬೂದು ಆಕಾರ ಇದೆಯಲ್ಲ, ಅದರಿಂದಲೇ ಶುರು ಮಾಡಿ. ಅದರ ಅಂಚು ಸರಿಯಾಗಿ ಬಂದರೆ ಸುತ್ತಲಿನ ಕುರ್ಚಿಗಳು ತಾವಾಗೇ ಬಂದಿರುತ್ತವೆ. ಹುಡುಗಿಗೆ ಒಂದು ಅಂಡಾಕಾರ ತಲೆಗೆ, ಒಂದು ತ್ರಿಕೋನ ಉಡುಪಿಗೆ, ಎರಡು ಗೆರೆ ಕಾಲಿಗೆ. ಇಷ್ಟೇ. ಕಣ್ಣು ಮೂಗು ಪೆನ್ಸಿಲ್‌ನಲ್ಲಿ ಬರೆಯಲೇಬೇಡಿ.

ಹಂತ 3: ನೆಲ ಮೊದಲು

ಇಲ್ಲಿ ಡೆಗಾ ವಿಷಯಕ್ಕೆ ಬರೋಣ. ನ್ಯಾಷನಲ್ ಗ್ಯಾಲರಿಯ ಸಂರಕ್ಷಣಾ ತಜ್ಞರು ಈ ಚಿತ್ರವನ್ನು ಇನ್‌ಫ್ರಾರೆಡ್ ಬೆಳಕಿನಲ್ಲಿ ಪರೀಕ್ಷಿಸಿದ್ದಾರೆ, ಮೇಲಿನ ಬಣ್ಣದ ಅಡಿಯಲ್ಲಿ ಮುಚ್ಚಿಹೋದದ್ದು ಅದರಲ್ಲಿ ಕಾಣುತ್ತದೆ. ಕಸಾಟ್ ಮೊದಲು ಕೋಣೆಯ ಹಿಂದಿನ ಗೋಡೆಯನ್ನು ನೇರ ಅಡ್ಡಗೆರೆಯಾಗಿ ಇಟ್ಟಿದ್ದಳು. ಆಮೇಲೆ ಅದು ಬದಲಾಗಿ, ಗೋಡೆಗಳು ಒಂದು ಮೂಲೆಯಲ್ಲಿ ಕೂಡುವಂತೆ, ನೆಲದ ಅಂಚು ಓರೆಯಾಗುವಂತೆ ಆಯಿತು. ಅಲ್ಲಿನ ಬ್ರಷ್ ಎಳೆತವೂ ಕಸಾಟ್‌ದ್ದಕ್ಕಿಂತ ಬೇರೆ ಥರ ಇದೆ. ಡೆಗಾ ಕೈ ಹಾಕಿದ್ದು ಅಲ್ಲಿ ಅಂತ ತಜ್ಞರು ಹೇಳುತ್ತಾರೆ.

ಆ ಓರೆ ಗೆರೆಯ ಬೆಲೆ ಗೊತ್ತಾಗಬೇಕಾದರೆ ಒಂದು ಪುಟ್ಟ ಪರೀಕ್ಷೆ ಮಾಡಿ. ಸಣ್ಣ ಕಾಗದದಲ್ಲಿ ಪೆನ್ಸಿಲ್‌ನಿಂದ ಈ ಚಿತ್ರವನ್ನು ಎರಡು ಸಲ ಗೀಚಿ, ಬೆಂಕಿಪೊಟ್ಟಣದ ಗಾತ್ರ ಸಾಕು. ಒಂದರಲ್ಲಿ ಹಿಂದಿನ ಗೋಡೆ ನೇರ ಅಡ್ಡಗೆರೆ. ಇನ್ನೊಂದರಲ್ಲಿ ಮೂಲೆ, ಓರೆ ಗೆರೆ. ಮೊದಲನೆಯದರಲ್ಲಿ ಕುರ್ಚಿಗಳು ಗೋಡೆಗೆ ಒತ್ತಿಕೊಂಡು ನಿಲ್ಲುತ್ತವೆ. ಎರಡನೆಯದರಲ್ಲಿ ಕೋಣೆ ಹಿಂದಕ್ಕೆ ಹೋಗುತ್ತದೆ, ನೆಲ ಹರಡಿಕೊಳ್ಳುತ್ತದೆ, ಹುಡುಗಿ ಚಿಕ್ಕವಳಾಗುತ್ತಾಳೆ. ಹಾಗಂತ ಚಿತ್ರದ ಯಶಸ್ಸನ್ನೆಲ್ಲ ಡೆಗಾಗೆ ಕೊಡುವುದು ಅನ್ಯಾಯ. ಮಗುವಿನ ಭಂಗಿ, ಆ ಕುರ್ಚಿಗಳ ಗುಂಪು, ಎಷ್ಟು ಖಾಲಿ ಬಿಡಬೇಕು ಅನ್ನುವ ಧೈರ್ಯ, ಎಲ್ಲ ಕಸಾಟ್‌ದೇ. ಒಳ್ಳೆಯ ಸಲಹೆಯನ್ನು ಒಪ್ಪಿಕೊಂಡಳು, ಅದನ್ನು ಮುಚ್ಚಿಡದೆ ತಾನೇ ಬರೆದು ಹೇಳಿದಳು.

ಬೂದು ಬಣ್ಣಕ್ಕೆ ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ, ಬಿಳಿ ಬೆರೆಸಿ. ಒಂದೇ ಸಲಕ್ಕೆ ಮೂರು ಬೂದು ಮಾಡಿಟ್ಟುಕೊಳ್ಳಿ: ಒಂದು ಕಂದು ಕಡೆಗೆ ವಾಲಿದ್ದು, ಒಂದು ನೀಲಿ ಕಡೆಗೆ ವಾಲಿದ್ದು, ಒಂದು ಎರಡರ ಮಧ್ಯದ್ದು. ಒಂದಿಂಚಿನ ಫ್ಲಾಟ್‌ನಿಂದ ಬಳಿಯಿರಿ. ಎಳೆತಗಳೆಲ್ಲ ಒಂದೇ ದಿಕ್ಕಿಗೆ ಬೇಡ. ಕಿಟಕಿಯ ಹತ್ತಿರ ನೆಲ ಸ್ವಲ್ಪ ತಿಳಿ, ಕುರ್ಚಿಗಳ ಬುಡದಲ್ಲಿ ಗಾಢ. ಬ್ರಷ್ ಗುರುತು ಕಾಣಲಿ, ಸವರಿ ಸಪಾಟು ಮಾಡಬೇಡಿ.

ಹಂತ 4: ನೀಲಿ

ಎಲ್ಲರಿಗೂ ಇಷ್ಟವಾಗುವುದು ಈ ನೀಲಿ, ಎಲ್ಲರೂ ಎಡವುವುದೂ ಇಲ್ಲೇ. ಟ್ಯೂಬಿನ ನೀಲಿ ಹಾಗೇ ಬಳಿದರೆ ಪ್ಲಾಸ್ಟಿಕ್ ಕುರ್ಚಿ ಆಗುತ್ತದೆ.

ಮೊದಲ ಪದರ: ಸೆರೂಲಿಯನ್, ಅರ್ಧದಷ್ಟು ಬಿಳಿ, ಚಿಟಿಕೆ ವಿರಿಡಿಯನ್. ಇದು ಹಸಿರಿಗೆ ವಾಲಿದ ತಿಳಿ ನೀಲಿ. ಬೆಳಕು ಬೀಳುವ ಕಡೆ ಎಲ್ಲ ಇದು. ನೆರಳಿನ ಕಡೆಗೆ ಅಲ್ಟ್ರಾಮರೀನ್, ಅದಕ್ಕೆ ಚೂರು ಬರ್ನ್ಟ್ ಸಿಯೆನ್ನಾ. ಕುರ್ಚಿಯ ಬೆನ್ನು, ಕೂರುವ ಜಾಗ, ತೋಳು, ಮುಂಭಾಗ, ಇವು ನಾಲ್ಕೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ. ಒಂದೊಂದಕ್ಕೂ ನೀಲಿ ಸ್ವಲ್ಪ ಬೇರೆ ಇರಬೇಕು. ಇಷ್ಟು ಮಾಡಿದರೆ ಕುರ್ಚಿ ದುಂಡಗೆ ನಿಲ್ಲುತ್ತದೆ.

ಎರಡನೇ ಪದರ ಮೇಲಿನ ವಿನ್ಯಾಸ. ಕುರ್ಚಿಯ ಬಟ್ಟೆಯ ಮೇಲೆ ಹೂವಿನ ಥರದ ಕಲೆಗಳಿವೆ. ಹತ್ತಿರದಿಂದ ನೋಡಿದರೆ ಅಲ್ಲಿ ಹೂವೇ ಇಲ್ಲ, ಬರೀ ಬ್ರಷ್ಷಿನ ಒತ್ತು. 4ನೇ ನಂಬರ್ ಫಿಲ್ಬರ್ಟ್ ತೆಗೆದುಕೊಂಡು ಬಿಳಿ ಬೆರೆತ ಹಸಿರು, ಗಾಢ ನೀಲಿ, ಮಂದ ಗುಲಾಬಿ ಬಣ್ಣಗಳನ್ನು ಸಣ್ಣ ಸಣ್ಣ ಒತ್ತುಗಳಾಗಿ ಇಡಿ. ಎರಡು ಒತ್ತು ಒಂದೇ ಥರ ಇರಬಾರದು. ಮುಂದಿನ ಕುರ್ಚಿಗಳಲ್ಲಿ ಒತ್ತು ದೊಡ್ಡದು, ಸ್ಪಷ್ಟ. ಹಿಂದಿನವುಗಳಲ್ಲಿ ಸಣ್ಣದು, ಮಸುಕು. ಗುಲಾಬಿಯನ್ನು ಜಿಪುಣತನದಿಂದ ಬಳಸಿ, ಹುಡುಗಿಯ ಮೈಬಣ್ಣಕ್ಕೆ ಅದು ಬೇಕು.

ಇಷ್ಟಾದ ಮೇಲೆ ಬೋರ್ಡನ್ನು ತಲೆಕೆಳಗೆ ಮಾಡಿ ಗೋಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಬೂದು ಮತ್ತು ನೀಲಿ ಆಕಾರಗಳು ಒಂದರೊಳಗೊಂದು ಕೂತಿವೆಯಾ? ಇಲ್ಲದಿದ್ದರೆ ಈಗಲೇ ಸರಿ ಮಾಡಿ. ಹುಡುಗಿ ಬಂದ ಮೇಲೆ ನಿಮ್ಮ ಕಣ್ಣು ಅವಳನ್ನು ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ.

ಹಂತ 5: ಹುಡುಗಿಯ ಭಂಗಿ, ಬಿಳಿ ಉಡುಪು

ಭಂಗಿಯ ಗುಟ್ಟು ಭಾರದಲ್ಲಿದೆ. ಅವಳ ಮೈಭಾರ ಎಲ್ಲಿ ಬಿದ್ದಿದೆ ಅಂತ ಕೇಳಿಕೊಳ್ಳಿ. ಬೆನ್ನಿನ ಕೆಳಭಾಗ ಕುರ್ಚಿಯ ಮುಂದಕ್ಕೆ ಜಾರಿದೆ, ತಲೆ ಹಿಂದಕ್ಕೆ ಒರಗಿದೆ, ಮೊಣಕೈ ಕುರ್ಚಿಗೆ ಊರಿದೆ. ನಂಬಿಕೆ ಬರದಿದ್ದರೆ ನೀವೇ ಒಂದು ದೊಡ್ಡ ಕುರ್ಚಿಯಲ್ಲಿ ಹಾಗೆ ಕೂತು ನೋಡಿ. ಎಲ್ಲಿ ಒತ್ತಡ ಬೀಳುತ್ತದೆ ಅಂತ ಮೈಗೇ ಗೊತ್ತಾಗುತ್ತದೆ. ಆ ಜಾಗಗಳಲ್ಲಿ ಕುರ್ಚಿಯ ನೀಲಿ ಗಾಢವಾಗಬೇಕು. ಉಡುಪಿನ ಅಂಚಿಗೂ ಕುರ್ಚಿಗೂ ನಡುವೆ ಆ ಗಾಢ ನೀಲಿ ಇಲ್ಲದಿದ್ದರೆ ಹುಡುಗಿ ಕುರ್ಚಿಯ ಮೇಲೆ ಅಂಟಿಸಿದ ಸ್ಟಿಕ್ಕರ್ ಆಗುತ್ತಾಳೆ.

ಈಗ ಬಿಳಿ. ಇಂಪ್ರೆಷನಿಸ್ಟರು ಕಲಿಸಿದ ದೊಡ್ಡ ಪಾಠ ಇದು: ನೆರಳಿಗೂ ಬಣ್ಣ ಇದೆ. ಬಿಳಿ ಬಟ್ಟೆ ಸುತ್ತ ಏನಿದೆಯೋ ಅದರ ಬಣ್ಣ ಹಿಡಿಯುತ್ತದೆ. ನೀಲಿ ಕುರ್ಚಿಯಲ್ಲಿ ಕೂತ ಮಗುವಿನ ಬಿಳಿ ಉಡುಪಿನ ನೆರಳು ಬೂದು ಅಲ್ಲ, ನೀಲಿ ಬೆರೆತ ತಿಳಿ ನೇರಳೆ. ಬೇಕಾದರೆ ಹೀಗೆ ಖಾತ್ರಿ ಮಾಡಿಕೊಳ್ಳಿ. ಒಂದು ಬಿಳಿ ಕರ್ಚೀಫನ್ನು ನೀಲಿ ಬೆಡ್‌ಶೀಟ್ ಮೇಲೆ ಕಿಟಕಿ ಪಕ್ಕ ಇಡಿ. ಒಂದು ಕಾಗದಕ್ಕೆ ಪಂಚಿಂಗ್ ಮಷಿನ್‌ನಿಂದ ತೂತು ಮಾಡಿ, ಆ ತೂತಿನಿಂದ ಕರ್ಚೀಫಿನ ಮಡಿಕೆಯೊಳಗಿನ ನೆರಳನ್ನು ಮಾತ್ರ ನೋಡಿ. ಬಿಳಿ ಅಂತ ಗೊತ್ತಿದ್ದರೂ ಕಣ್ಣಿಗೆ ಕಾಣುವುದು ನೀಲಿ ಬಣ್ಣ.

ಉಡುಪನ್ನು ನೆರಳಿನಿಂದ ಶುರು ಮಾಡಿ. ಬಿಳಿಗೆ ಚೂರು ಅಲ್ಟ್ರಾಮರೀನ್, ಅದಕ್ಕಿಂತ ಕಡಿಮೆ ಕ್ರಿಮ್ಸನ್, ಸೂಜಿಮೊನೆಯಷ್ಟು ಓಕರ್. ಇಡೀ ಉಡುಪಿಗೆ ಇದನ್ನೇ ಬಳಿಯಿರಿ. ಇದು ಒಣಗಿದ ಮೇಲೆ ಬೆಳಕು ಬೀಳುವ ಕಡೆ ಬಿಳಿಗೆ ಚಿಟಿಕೆ ಓಕರ್ ಬೆರೆಸಿ ದಪ್ಪವಾಗಿ ಇಡಿ. ಬ್ರಷ್ ಎಳೆತ ಬಟ್ಟೆ ಬೀಳುವ ದಿಕ್ಕಿಗೇ ಹೋಗಲಿ. ಶುದ್ಧ ಬಿಳಿಯನ್ನು ಕೊನೆಗೆ ನಾಲ್ಕೈದು ಕಡೆ ಮಾತ್ರ ಇಡಿ. ಹಿಂದಿನ ಕಿಟಕಿಗಿಂತ ಉಡುಪು ಹೊಳೆಯಬೇಕು, ಅದಕ್ಕೆ ಕಿಟಕಿಗೆ ಶುದ್ಧ ಬಿಳಿ ಹಾಕಬೇಡಿ.

ಚೌಕಳಿ ಬಟ್ಟೆಗೆ ಒಂದೊಂದೇ ಚೌಕ ಬರೆಯಲು ಹೋಗಬೇಡಿ. ಗಾಢ ಬಣ್ಣದ ಒಂದು ಪಟ್ಟಿ ಎಳೆದು, ಅದು ಒದ್ದೆ ಇರುವಾಗಲೇ ಮೇಲೆ ಅಡ್ಡಡ್ಡ ನಾಲ್ಕು ಗೆರೆ ಹಾಕಿ ಬಿಡಿ. ದೂರದಿಂದ ಚೌಕಳಿ ಆಗುತ್ತದೆ. ಕಾಲುಚೀಲಕ್ಕೂ ಹಾಗೇ. ಶೂಗೆ ನಾವು ಬೆರೆಸಿದ ಕಪ್ಪು, ಬಕಲ್‌ಗೆ ಒಂದು ಚುಕ್ಕಿ ತಿಳಿ ಬೂದು.

ಹಂತ 6: ಮುಖ

ಇಷ್ಟು ಹೊತ್ತು ಕಾದಿದ್ದು ಇದಕ್ಕೇ. ಈಗ ಸುತ್ತಲಿನ ಬಣ್ಣಗಳೆಲ್ಲ ಜಾಗದಲ್ಲಿವೆ, ಮುಖಕ್ಕೆ ಎಷ್ಟು ಬೆಳಕು ಎಷ್ಟು ಬಣ್ಣ ಬೇಕು ಅಂತ ಅವೇ ಹೇಳುತ್ತವೆ. ನಮ್ಮ ಬೋರ್ಡ್ ಗಾತ್ರದಲ್ಲಿ ಮುಖ ಒಂದು ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಅಷ್ಟರಲ್ಲಿ ಕಣ್ಣಿನ ಪಾಪೆ, ರೆಪ್ಪೆ ಬರೆಯಲು ಜಾಗವೂ ಇಲ್ಲ, ಅಗತ್ಯವೂ ಇಲ್ಲ.

ಮೈಬಣ್ಣಕ್ಕೆ ಬಿಳಿ, ಓಕರ್, ಚೂರು ವರ್ಮಿಲಿಯನ್. ನೆರಳಿಗೆ ಅದಕ್ಕೇ ಒಂದಿಷ್ಟು ವಿರಿಡಿಯನ್ ಸೇರಿಸಿ. ಕೆಂಪಿಗೆ ಹಸಿರು ಬೆರೆತರೆ ಅದು ತಣ್ಣಗಾಗುತ್ತದೆ, ಕೊಳಕಾಗುವುದಿಲ್ಲ. ಕೆನ್ನೆ, ಮೊಣಕೈ, ಮೊಣಕಾಲಿಗೆ ಕ್ರಿಮ್ಸನ್ ಚೂರು ಜಾಸ್ತಿ. ಮಕ್ಕಳ ಮೈಯಲ್ಲಿ ಈ ಜಾಗಗಳು ಯಾವಾಗಲೂ ಕೆಂಪೇರಿರುತ್ತವೆ. ಮೊದಲು ಮುಖಕ್ಕೆಲ್ಲ ಒಂದೇ ಬಣ್ಣ. ಆಮೇಲೆ ಕಣ್ಣಿನ ಗುಳಿಗಳ ನೆರಳು, ಮೂಗಿನ ಕೆಳಗಿನ ನೆರಳು, ಕೆಳತುಟಿಯ ಕೆಳಗಿನ ನೆರಳು. ಈ ಮೂರನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಮುಖ ಆಯಿತು. ನೋಟ ಕೆಳಕ್ಕೆ, ಎಡಕ್ಕೆ. ರೆಪ್ಪೆಯ ಗಾಢ ಗೆರೆಯನ್ನು ಒಂದೇ ಎಳೆತದಲ್ಲಿ ಹಾಕಿ, ಮತ್ತೆ ಮುಟ್ಟಬೇಡಿ.

ತುಟಿಯ ತುದಿಯನ್ನು ಮೇಲಕ್ಕೆ ಎತ್ತಬೇಡಿ. ದಯವಿಟ್ಟು. ಕೈಗೆ ಅಭ್ಯಾಸ ಇರುತ್ತದೆ, ಮಗು ಅಂದರೆ ನಗು ಅಂತ. ಕಸಾಟ್ ಮಕ್ಕಳನ್ನು ಗೌರವಿಸಿದ್ದು ಇಲ್ಲೇ ಕಾಣುತ್ತದೆ. ನೋಡುವವರನ್ನು ಮೆಚ್ಚಿಸುವ ಕೆಲಸವನ್ನು ಅವಳು ಆ ಮಗುವಿನ ಮೇಲೆ ಹೊರಿಸಲಿಲ್ಲ. ಮಗುವಿಗೂ ತನ್ನದೇ ಮನಸ್ಸಿದೆ, ಅದು ಈಗ ಎಲ್ಲೋ ಇದೆ, ನಮಗೆ ಹೇಳಬೇಕಾಗಿಲ್ಲ. ಇಷ್ಟು ದೊಡ್ಡ ಮಾತು ತುಟಿಯ ಮೇಲಿನ ಎರಡು ಮಿಲಿಮೀಟರ್ ಬಣ್ಣದಲ್ಲಿ ನಿಂತಿದೆ.

ಕೊನೆಗೆ ನಾಯಿ. ಅದು ಬ್ರಸೆಲ್ಸ್ ಗ್ರಿಫನ್ ಜಾತಿಯ ಪುಟ್ಟ ನಾಯಿ, ಕಸಾಟ್‌ಗೆ ಈ ಜಾತಿ ಅಂದರೆ ತುಂಬಾ ಪ್ರೀತಿ. ಗಾಢ ಕಂದಿನ ಒಂದು ಗುಪ್ಪೆ, ಮೇಲೆ ಆರೇಳು ತಿಳಿ ಎಳೆತ, ಆಯಿತು. ನಾಯಿ ನಿದ್ದೆಯಲ್ಲಿದೆ, ಅದರ ಮೇಲೆ ಜಾಸ್ತಿ ಕೆಲಸ ಮಾಡಿದರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಕಿಟಕಿಗೆ ತಿಳಿ ಬೂದು ಹಾಕಿ, ಟೇಪ್ ಕೀಳಿ. ಹಿಂಬದಿಯಲ್ಲಿ ‘ಮೇರಿ ಕಸಾಟ್ ಚಿತ್ರದ ಅಭ್ಯಾಸ ಪ್ರತಿ’ ಅಂತ ಬರೆದು, ನಿಮ್ಮ ಹೆಸರು ತಾರೀಕು ಹಾಕಿ.

ಈಗ ನಿಮ್ಮ ಮನೆಯ ಮಗು

ಮಗುವನ್ನು ಕರೆದು ಕೂರಿಸಬೇಡಿ. ಕೂರಿಸಿದ ತಕ್ಷಣ ಅದು ಫೋಟೊಗೆ ಕೊಡುವ ಮುಖ ಕೊಡುತ್ತದೆ. ಅದು ತಾನಾಗಿ ಕೂರುವ ಜಾಗ ಯಾವುದು ಅಂತ ಮೊದಲು ಗಮನಿಸಿ: ಸೋಫಾದ ತುದಿ, ಮೆಟ್ಟಿಲು, ಅಜ್ಜಿಯ ಮಂಚ, ಜಗಲಿ. ಮಗು ಇಲ್ಲದ ಹೊತ್ತಿನಲ್ಲಿ ಆ ಜಾಗವನ್ನೇ ಬರೆದು ಮುಗಿಸಿ. ನೆಲ, ಗೋಡೆ, ಸೋಫಾದ ಬಟ್ಟೆ, ಕಿಟಕಿ ಬೆಳಕು. ನೆಲದ ಮೇಲೆ ಕೂತು ಬರೆಯಿರಿ, ಆಗ ಮಗುವಿನ ಎತ್ತರದಿಂದಲೇ ಜಾಗ ಕಾಣುತ್ತದೆ. ಬೆಳಕು ಬದಲಾಗುತ್ತದೆ, ಹಾಗಾಗಿ ದಿನಾ ಒಂದೇ ಹೊತ್ತಿಗೆ ಕೂರಿ. ಟ್ಯೂಬ್‌ಲೈಟ್ ಆರಿಸಿ, ಒಂದು ಕಡೆಯ ಕಿಟಕಿ ಬೆಳಕು ಮಾತ್ರ ಇರಲಿ.

ಹೀಗೆ ಜಾಗ ಸಿದ್ಧ ಇದ್ದರೆ ಮಗು ಬಂದು ಕೂತಾಗ ನಿಮಗೆ ಬೇಕಾದದ್ದು ಹತ್ತು ನಿಮಿಷ ಅಷ್ಟೇ. ಸ್ಕೆಚ್‌ಬುಕ್‌ನಲ್ಲಿ ಭಂಗಿ ಮಾತ್ರ ಹಿಡಿಯಿರಿ. ತಲೆ ಎಷ್ಟು ದೊಡ್ಡದು ಅಂತ ಎಚ್ಚರದಿಂದ ಅಳೆಯಿರಿ. ದೊಡ್ಡವರ ಮೈ ಏಳೂವರೆ ತಲೆಯಷ್ಟು ಎತ್ತರ ಇದ್ದರೆ, ನಾಲ್ಕೈದು ವರ್ಷದ ಮಗುವಿನದು ಸುಮಾರು ಐದರಿಂದ ಐದೂವರೆ ತಲೆಯಷ್ಟೇ. ಇದನ್ನು ಮರೆತರೆ ಮಗು ಕುಳ್ಳ ದೊಡ್ಡವರಂತೆ ಕಾಣುತ್ತದೆ. ಮುಖದಲ್ಲಿ ಕಣ್ಣುಗಳು ಅರ್ಧಕ್ಕಿಂತ ಕೆಳಗಿರುತ್ತವೆ, ಹಣೆ ದೊಡ್ಡದು, ಮೂಗಿಗೂ ಗಲ್ಲಕ್ಕೂ ಅಂತರ ಕಡಿಮೆ.

ನಮ್ಮ ಮಕ್ಕಳ ಮೈಬಣ್ಣಕ್ಕೆ ಮೇಲೆ ಹೇಳಿದ ಬೆರಕೆ ಸಾಲದು. ಬಿಳಿ ಕಡಿಮೆ ಮಾಡಿ, ಬರ್ನ್ಟ್ ಸಿಯೆನ್ನಾ ಮತ್ತು ಓಕರ್‌ನಿಂದ ಶುರು ಮಾಡಿ. ನೆರಳಿಗೆ ಅಲ್ಟ್ರಾಮರೀನ್, ಕ್ರಿಮ್ಸನ್. ಬೆಳಕು ಬೀಳುವ ಹಣೆ, ಮೂಗಿನ ತುದಿಗೆ ಬಿಳಿಗಿಂತ ಓಕರ್ ಬೆರೆತ ತಿಳಿ ಬಣ್ಣವೇ ಚೆನ್ನ, ಕಿಟಕಿಯ ಹತ್ತಿರ ಇದ್ದರೆ ಅದಕ್ಕೆ ಚೂರು ಸೆರೂಲಿಯನ್. ಮಗುವಿನ ಮೈಬಣ್ಣವನ್ನು ತಿಳಿ ಮಾಡಿ ‘ಚಂದ’ ಮಾಡಲು ಹೋಗಬೇಡಿ. ಕಂದು ಮೈಮೇಲೆ ಬೀಳುವ ನೀಲಿ ಬೆಳಕು ನೋಡಲು ಎಷ್ಟು ಚಂದ ಅನ್ನುವುದು ಬರೆದವರಿಗೇ ಗೊತ್ತು.

ಮಗು ಎದ್ದು ಹೋದರೆ ಕರೆಯಬೇಡಿ. ನಾಳೆಯೂ ಅದು ಅಲ್ಲೇ ಬಂದು ಕೂರುತ್ತದೆ, ಭಂಗಿ ಮಾತ್ರ ಸ್ವಲ್ಪ ಬೇರೆ. ಫೋಟೊ ತೆಗೆದುಕೊಂಡು ಬರೆಯಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಭಂಗಿ ನೆನಪಿಗೆ ಫೋಟೊ ಇರಲಿ, ಬಣ್ಣಕ್ಕೆ ಬೇಡ. ಮೊಬೈಲ್ ಕ್ಯಾಮೆರಾ ನೆರಳನ್ನೆಲ್ಲ ತಾನೇ ತಿಳಿ ಮಾಡಿಬಿಡುತ್ತದೆ. ನೆರಳಿನ ಬಣ್ಣಕ್ಕೆ ನಿಮ್ಮ ಕಣ್ಣೇ ಗತಿ.

ಒಂದೇ ಚಿತ್ರಕ್ಕೆ ನಿಲ್ಲಿಸುವುದಕ್ಕಿಂತ ಒಂದೇ ಮಗುವನ್ನು ವರ್ಷಗಟ್ಟಲೆ ಬರೆಯುವುದು ಇನ್ನೂ ಒಳ್ಳೆಯದು. ಇದನ್ನು ಬೆರ್ತ್ ಮೊರಿಸೊಳಿಂದ ಕಲಿಯಬೇಕು. 1874ರ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಭಾಗವಹಿಸಿದ ಚಿತ್ರಕಾರ್ತಿ ಅವಳು. ಅಲ್ಲಿ ಇಟ್ಟಿದ್ದ ‘ತೊಟ್ಟಿಲು’ ಚಿತ್ರ, ಈಗ ಪ್ಯಾರಿಸ್‌ನ ಓರ್ಸೇ ಮ್ಯೂಸಿಯಂನಲ್ಲಿರುವುದು, ಅವಳ ಅಕ್ಕ ಎಡ್ಮಾ ಮತ್ತು ಅಕ್ಕನ ಮಗುವಿನದು. 1878ರ ನವೆಂಬರ್‌ನಲ್ಲಿ ಮೊರಿಸೊಗೆ ಮಗಳು ಜೂಲಿ ಹುಟ್ಟಿದಳು. ಅಲ್ಲಿಂದ 1895ರಲ್ಲಿ ತಾನು ತೀರಿಕೊಳ್ಳುವವರೆಗೂ ಮೊರಿಸೊ ಮಗಳನ್ನು ಬರೆಯುತ್ತಲೇ ಇದ್ದಳು. ಆಟವಾಡುವ ಜೂಲಿ, ನಾಯಿಯ ಜೊತೆ ಜೂಲಿ, ಪಿಟೀಲು ಹಿಡಿದ ಜೂಲಿ, ಯೋಚನೆಯಲ್ಲಿ ಮುಳುಗಿದ ಹದಿಹರೆಯದ ಜೂಲಿ. ಅವಳ ಬ್ರಷ್ ಎಳೆತ ಕಸಾಟ್‌ಗಿಂತ ಬಿಡಿಬಿಡಿ, ಅಂಚುಗಳಲ್ಲಿ ಕ್ಯಾನ್ವಾಸ್ ಹಾಗೇ ಕಾಣುವಷ್ಟು. ನಿಮ್ಮ ಕೈಗೆ ಯಾವುದು ಒಗ್ಗುತ್ತದೆ ಅಂತ ಎರಡನ್ನೂ ಮಾಡಿ ನೋಡಿ.

ಹಾಗಾಗಿ ಒಂದೇ ಅಳತೆಯ ನಾಲ್ಕು ಬೋರ್ಡ್ ಒಟ್ಟಿಗೆ ಕೊಂಡಿಡಿ. ಪ್ರತಿ ವರ್ಷ ಮಗುವಿನ ಹುಟ್ಟುಹಬ್ಬದ ತಿಂಗಳಲ್ಲಿ, ಅದೇ ಜಾಗ, ಅದೇ ಕಿಟಕಿ ಬೆಳಕು ಇಟ್ಟುಕೊಂಡು ಒಂದೊಂದು ಬರೆಯಿರಿ. ಸೋಫಾ ಅಷ್ಟೇ ಇರುತ್ತದೆ, ಮಗುವಿನ ಕಾಲು ನೆಲದ ಹತ್ತಿರ ಬರುತ್ತಾ ಹೋಗುತ್ತದೆ. ಬೋರ್ಡ್‌ಗಳನ್ನು ಒಣಗಿದ ಮೇಲೆ ಬಟರ್ ಪೇಪರ್ ನಡುವೆ ಇಟ್ಟು, ಗೋಡೆಯ ತೇವ ತಾಗದ ಕಡೆ ನಿಲ್ಲಿಸಿ ಇಡಿ. ಅಕ್ರಿಲಿಕ್ ಮೇಲ್ಮೈ ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವದ್ದು, ಮಳೆಗಾಲದಲ್ಲಿ ಇನ್ನೂ ಜಾಸ್ತಿ.